ಕ್ಲಾಟ್‌ಗೆ (ನ್ಯಾಷನಲ್ ಲಾ ಯೂನಿವರ್ಸಿಟಿಗಳ ಪ್ರವೇಶ ಪರೀಕ್ಷೆ) ದಿನಕ್ಕೆ ಎಷ್ಟು ತಾಸು ಓದಬೇಕು? ಆರು ತಿಂಗಳ ಟೈಮ್‌ಟೇಬಲ್ ಯಾರಾದರೂ ಹಾಕಿ ಕೊಡ್ತೀರಾ?

ಜಮಖಂಡಿಯಲ್ಲಿ ಸೆಕೆಂಡ್ ಪಿಯುಸಿ, ಕೋಚಿಂಗ್ ಇಲ್ಲ, ದಿನಕ್ಕೆ ಎಂಟು ತಾಸು ಸಾಕಾ ಅಂತ ಕೇಳಿದ್ದೀಯ. ತಮ್ಮಾ, ಇದೇ ಪ್ರಶ್ನೆ ಇಟ್ಟುಕೊಂಡು 2023ರ ಜೂನ್‌ನಲ್ಲಿ ನಾನು ಬಾಗಲಕೋಟೆ ವಿದ್ಯಾಗಿರಿಯ ಒಂದು ರೂಮಿನಲ್ಲಿ ಕೂತಿದ್ದೆ. ಉತ್ತರವನ್ನೂ ನಾನೇ ಕೊಟ್ಟುಕೊಂಡೆ: ಒಂಬತ್ತು ತಾಸು.

ಹಳೇ ಕ್ಯಾಲೆಂಡರಿನ ಹಾಳೆ ಹರಿದು, ಹಿಂದಿನ ಬಿಳಿ ಮಗ್ಗುಲಿಗೆ ಸ್ಕೇಲ್ ಹಿಡಿದು ಗೆರೆ ಹೊಡೆದು, ನಾಲ್ಕು ಬಣ್ಣದ ಸ್ಕೆಚ್ ಪೆನ್ನಲ್ಲಿ ಟೈಮ್‌ಟೇಬಲ್ ಬರೆದೆ. ನಸುಕಿನ ನಾಲ್ಕರಿಂದ ಏಳರವರೆಗೆ ಲೀಗಲ್, ಕೆಂಪು. ಕಾಲೇಜು. ಒಂದೂವರೆಗೆ ರೂಮಿಗೆ ಬಂದು ಎರಡು ರೊಟ್ಟಿ, ಪುಂಡಿಪಲ್ಯ. ಎರಡರಿಂದ ಮೂರೂವರೆ ನಿದ್ದೆ, ಅದಕ್ಕೆ ಹಸಿರು. ಆಮೇಲೆ ಇಂಗ್ಲಿಷ್, ಜಿಕೆ, ರಾತ್ರಿ ಹತ್ತರವರೆಗೆ ಲಾಜಿಕ್ಕು, ಗಣಿತ. ಹಾಳೆಯ ಕೆಳಮೂಲೆಯಲ್ಲಿ ಸಣ್ಣದಾಗಿ ‘ನವೆಂಬರ್: ಮಾಕ್ ಟೆಸ್ಟ್’. ನೋಡಿದವರೆಲ್ಲ ಭೇಷ್ ಅಂದರು. ಅಪ್ಪ ಊರಿಂದ ಬಂದಾಗ ಅದರ ಫೋಟೋ ಹೊಡ್ಕೊಂಡು ಮಾಮಾಗೆ ಕಳಿಸಿದ.

ನನ್ನನ್ನು ಮುಳುಗಿಸಿದ್ದು ಆ ಕೆಳಮೂಲೆ. ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ನಿನ್ನ ಪ್ರಶ್ನೆಯಲ್ಲೂ ‘ಕೊನೇ ತಿಂಗಳು ರಿವಿಜನ್, ಮಾಕ್’ ಅಂತ ಇದೆ. ಪೋರ್ಷನ್ ಮುಗಿಸಿ ಆಮೇಲೆ ಪೇಪರ್ ಬಿಡಿಸಬೇಕು ಅನ್ನೋದು ನಮಗೆ ಎಸ್ಸೆಸ್ಸೆಲ್ಸಿಯಿಂದ ಬಂದ ರೂಢಿ. ಕ್ಲಾಟ್‌ನಲ್ಲಿ ಮುಗಿಸೋಕೆ ಆ ಥರದ ಪೋರ್ಷನ್ನೇ ಇಲ್ಲ. 2020ರ ಪೇಪರಿನಿಂದ ಎಲ್ಲಾ ಪ್ಯಾಸೇಜ್ ಮೇಲೆ ನಿಂತಿದೆ. ಸುಮಾರು 450 ಪದದ ಒಂದು ತುಂಡು ಕೊಡ್ತಾರೆ, ಅದರ ಕೆಳಗೆ ಪ್ರಶ್ನೆ. ಲೀಗಲ್‌ನಲ್ಲೂ ಕಾನೂನಿನ ತತ್ವ ಆ ಪ್ಯಾಸೇಜಿನಲ್ಲೇ ಇರುತ್ತೆ, ಅದನ್ನ ಅಲ್ಲಿ ಕೊಟ್ಟ ಸಂಗತಿಗೆ ಹಚ್ಚಿ ನೋಡಬೇಕು ಅಷ್ಟೇ. ನಾನು ನಸುಕಿನ ಮೂರು ತಾಸು ಏನು ಮಾಡ್ತಿದ್ದೆ ಗೊತ್ತಾ? ಐಪಿಸಿ ಸೆಕ್ಷನ್ನುಗಳನ್ನ ಉರು ಹೊಡೀತಿದ್ದೆ. 2024ರ ಜುಲೈ 1ರಿಂದ ಆ ಐಪಿಸಿನೇ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು. ಮೂರು ಸೇರು ಜೋಳ ಬೀಸಿ ಗಾಳಿಗೆ ತೂರಿದ ಹಾಗಾಯ್ತು. ಜೂನ್‌ನಲ್ಲೇ ಒಂದು ಹಳೇ ಪೇಪರ್ ಮುಂದಿಟ್ಟುಕೊಂಡು ಕೂತಿದ್ದರೆ ಎರಡು ತಾಸಿನಲ್ಲಿ ಇದು ಗೊತ್ತಾಗ್ತಿತ್ತು.

ಇನ್ನು ಆ ನವೆಂಬರ್. ದೀಪಾವಳಿಗೆ ಊರಿಗೆ ಹೋದೆ. ನಮ್ಮದು ಮುಧೋಳದ ಕಡೆ ಹಳ್ಳಿ, ಕಬ್ಬಿನ ಕಟಾವು ಶುರುವಾಗಿತ್ತು. ಗ್ಯಾಂಗಿನವರು ಬಂದರೆ ಮನೆಯಲ್ಲಿ ಗಂಡಸು ಮಗ ಒಳಗೆ ಕೂತು ಓದ್ತೀನಿ ಅನ್ನೋಕಾಗಲ್ಲ. ಹತ್ತು ದಿನ ಹೋಯ್ತು. ವಾಪಸ್ ಬಂದರೆ ಕಾಲೇಜಿನ ಪರೀಕ್ಷೆ. ಒಟ್ಟು ಬರೆದ ಮಾಕ್ ಎರಡು, ಎರಡೂ ರಾತ್ರಿ ಹೊತ್ತು, ನಡುವೆ ಎದ್ದು ಚಹಾ ಕುಡಿದು ಬಂದು.

ಡಿಸೆಂಬರ್ 3ರ ಪರೀಕ್ಷೆ ಮಧ್ಯಾಹ್ನ ಎರಡರಿಂದ ನಾಲ್ಕು. ಹಸಿರು ಬಣ್ಣ ನೆನಪಾಯ್ತಾ? ಆರು ತಿಂಗಳು ದಿನಾ ಆ ಹೊತ್ತಿಗೆ ನಾನು ಮಲಗಿದ್ದೆ. ಮೊದಲನೇ ಪ್ಯಾಸೇಜ್ ಓದುವಾಗ ಕಣ್ಣು ಎಳೀತಿತ್ತು, ಸುಳ್ಳಲ್ಲ. ಹತ್ತನೇ ತರಗತಿವರೆಗೆ ಕನ್ನಡ ಮೀಡಿಯಂ ಬೇರೆ. ಒಂದೊಂದು ಇಂಗ್ಲಿಷ್ ಸಾಲನ್ನೂ ತಲೆಯೊಳಗೆ ಕನ್ನಡಕ್ಕೆ ತಿರುವಿಕೊಂಡೇ ಮುಂದಕ್ಕೆ ಹೋಗ್ತಿದ್ದೆ. 120 ನಿಮಿಷ, 120 ಪ್ರಶ್ನೆ, ಓದೋದೂ ಅದರೊಳಗೇ. ಪುಸ್ತಿಕೆಯಲ್ಲಿ ಇದ್ದ ಕ್ರಮದಲ್ಲೇ ಹೋದೆ: ಇಂಗ್ಲಿಷ್, ಕರೆಂಟ್ ಅಫೇರ್ಸ್, ಲೀಗಲ್. ಲಾಜಿಕ್ಕಿಗೆ ಕಾಲಿಟ್ಟಾಗ ಮೇಲ್ವಿಚಾರಕರು ಐದು ನಿಮಿಷ ಅಂದರು. ಕೊನೆಗೆ ಇದ್ದದ್ದು ಗಣಿತ. ಪುಟ ತಿರುಗಿಸಿ ನೋಡಿದೆ. ಶೇಕಡಾವಾರು, ಅನುಪಾತ, ಸರಾಸರಿ. ಎಲ್ಲಾ ಹತ್ತನೇ ಕ್ಲಾಸಿನದು, ನನಗೆ ನೀರು ಕುಡಿದಷ್ಟು ಸಲೀಸು. ಒಂದೂ ಮುಟ್ಟಲಿಲ್ಲ.

ರೂಮಿಗೆ ಬಂದ ಮರುದಿನ ಗಡಿಯಾರ ಎದುರಿಗಿಟ್ಟು ಅದೇ ಗಣಿತ ಬಿಡಿಸಿದೆ. ಹನ್ನೊಂದು ನಿಮಿಷ ಹಿಡೀತು. ಒಂದೇ ತಪ್ಪು. ಆಮೇಲೆ ಗೋಡೆ ಮೇಲಿನ ಹಾಳೆ ಕಿತ್ತೆ. ಅಂಟು ಗಟ್ಟಿ ಇತ್ತು, ಸುಣ್ಣವೂ ಜೊತೆಗೆ ಬಂತು, ಮನೆ ಮಾಲಕರು ಡಿಪಾಸಿಟ್‌ನಲ್ಲಿ ಇನ್ನೂರು ಮುರಿದರು.

ಅದಕ್ಕೇ ನಿನಗೆ ಟೈಮ್‌ಟೇಬಲ್ ಕೊಡಲ್ಲ. ‘ಎಷ್ಟು ತಾಸು’ ಅನ್ನೋ ಲೆಕ್ಕ ಕೂಲಿಗೆ ಸರಿ. ಕ್ಲಾಟ್ ನಡೆಸುವ ಕನ್ಸೋರ್ಟಿಯಂನ ಜಾಲತಾಣದಲ್ಲಿ ಹಳೇ ಪೇಪರ್ ಪುಕ್ಕಟೆ ಸಿಗ್ತಾವೆ. ಒಂದನ್ನ ಪ್ರಿಂಟ್ ತೆಗೆಸು. 2024ರದ್ದು (ನಾನು 2023ರ ಡಿಸೆಂಬರ್‌ನಲ್ಲಿ ಬರೆದದ್ದೇ ಅದು) ಅಥವಾ ಅದರ ಈಚಿನದ್ದು ತಗೋ, 2020ರಿಂದ 2023ರವರೆಗಿನವು 150 ಪ್ರಶ್ನೆಯವು. ಭಾನುವಾರ ಊಟ ಮಾಡಿ ಎರಡಕ್ಕೆ ಸರಿಯಾಗಿ ಕೂತ್ಕೋ. ಫೋನ್ ಅವ್ವನ ಕೈಗೆ ಕೊಡು. ತಪ್ಪಿಗೆ ಕಾಲು ಅಂಕ ಕಳೆದು ಲೆಕ್ಕ ಹಾಕು. ಎಲ್ಲಿ ನಿಂತಿ, ಯಾವ ಪ್ಯಾಸೇಜಿಗೆ ಎಷ್ಟು ನಿಮಿಷ ತಿಂತು ಅಂತ ಬರೆದಿಡು. ಆ ಚೀಟಿನೇ ನಿನ್ನ ಟೈಮ್‌ಟೇಬಲ್ಲು. ಪ್ರತಿ ಭಾನುವಾರ ಅದೇ ಹೊತ್ತಿಗೆ ಇನ್ನೊಂದು. ಉಳಿದ ದಿನ ಬೆಳಿಗ್ಗೆ ಇಂಗ್ಲಿಷ್ ಪೇಪರಿನ ಒಂದು ಸಂಪಾದಕೀಯ ಓದು, ಡಿಕ್ಷನರಿ ಮುಟ್ಟಬೇಡ, ಗೊತ್ತಾಗದ ಪದ ಬಿಟ್ಟು ಮುಂದೆ ಹೋಗೋದು ಕಲಿ. ಕನ್ನಡ ಮೀಡಿಯಮಿನವರಿಗೆ ಇದಕ್ಕಿಂತ ದೊಡ್ಡ ತಯಾರಿ ಇಲ್ಲ ಅಂತ ನನ್ನ ವಾದ. ಮಧ್ಯಾಹ್ನದ ನಿದ್ದೆ ಬಿಡು.

‘ಈ ಸಲ ಆಗದಿದ್ರೆ ಒಂದು ವರ್ಷ ಡ್ರಾಪ್ ಮಾಡ್ಲಾ’ ಅಂತಲೂ ಕೇಳಿದ್ದೀಯ. ಬೇಡ. ಲಾ ಓದೋಕೆ ಕ್ಲಾಟ್ ಒಂದೇ ಬಾಗಿಲು ಅಂತ ಯಾರು ಹೇಳಿದರು? ಹುಬ್ಬಳ್ಳಿಯ ಕಾನೂನು ವಿಶ್ವವಿದ್ಯಾಲಯದ ಕೆಳಗಿನ ಕಾಲೇಜುಗಳಲ್ಲಿ ಪಿಯುಸಿ ಅಂಕದ ಮೇಲೆ ಐದು ವರ್ಷದ ಕೋರ್ಸಿಗೆ ಸೀಟು ಸಿಗ್ತದೆ. ನಾನು ಬೆಳಗಾವಿಗೆ ಬಂದೆ, ಟಿಳಕವಾಡಿಯ ರಾಜಾ ಲಖಮಗೌಡ ಕಾಲೇಜಿಗೆ. ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ಇ.ಎಸ್. ವೆಂಕಟರಾಮಯ್ಯ ಓದಿದ್ದೂ ಇಲ್ಲೇ. ಮಾಮಾ ಈಗಲೂ ‘ನ್ಯಾಷನಲ್ ತಪ್ಪಿತಲ್ಲಪಾ’ ಅಂತಾನೆ. ತನ್ನ ಹೊಲದ ಬಾಂದಿನ ತಕರಾರಿಗೆ ಮಾತ್ರ ನನಗೇ ಫೋನ್ ಮಾಡ್ತಾನೆ.

ಬರೋ ಭಾನುವಾರ ಕೂತು ಬರೆದ ಮೇಲೆ ಎಷ್ಟನೇ ಪ್ರಶ್ನೆಗೆ ನಿಂತಿ ಅಂತ ಇಲ್ಲೇ ಕೆಳಗೆ ಹಾಕು. ನಾನು 86ಕ್ಕೆ ನಿಂತಿದ್ದೆ.