ಎಂಟು ವರ್ಷದ ಮಗಳು ಮೊಣಕೈವರೆಗೆ ಕಾಂಪ್ಯಾಕ್ಟ್ ಹಚ್ಚಿಕೊಂಡರೆ

ಪ್ರಶ್ನೆ: ನಾನು ಜಯನಗರದ ಒಂದು ಒಡವೆ ಅಂಗಡಿಯಲ್ಲಿ ಸೇಲ್ಸ್ ಕೆಲಸ ಮಾಡುತ್ತೇನೆ. ದಿನಾ ಮೇಕಪ್ ಮಾಡಿಕೊಂಡೇ ಹೋಗಬೇಕು, ಅಲ್ಲಿನ ನಿಯಮ. ಮಗಳಿಗೆ ಎಂಟು ವರ್ಷ, ಮೂರನೇ ಕ್ಲಾಸು. ಹುಟ್ಟುಹಬ್ಬಕ್ಕೆ ನನ್ನ ನಾದಿನಿ ಮಕ್ಕಳ ಮೇಕಪ್ ಸೆಟ್ ತಂದುಕೊಟ್ಟಳು. ಅವತ್ತಿನಿಂದ ಮಗಳು ಕನ್ನಡಿ ಬಿಟ್ಟು ಏಳುವುದಿಲ್ಲ. ಹೋದ ವಾರ ಶಾಲೆಗೆ ಹೊರಡುವಾಗ ನನ್ನ ಕಾಂಪ್ಯಾಕ್ಟ್ ಪೌಡರ್ ತೆಗೆದು ಕತ್ತಿಗೆ, ಕೈಗೆ ಮೊಣಕೈವರೆಗೂ ಹಚ್ಚಿಕೊಂಡಿದ್ದಳು. ಯಜಮಾನರಿಗೆ ಸಿಟ್ಟು ಬಂದು ಸೆಟ್ಟನ್ನೇ ಕಸದ ಬುಟ್ಟಿಗೆ ಎಸೆದರು. ಮಗಳು ಎರಡು ದಿನ ಅವರ ಜೊತೆ ಮಾತಾಡಲಿಲ್ಲ. ‘ನೀನು ದಿನಾ ಬಳ್ಕೊಂಡು ಹೋಗ್ತೀಯಲ್ಲ, ನಿನ್ನ ನೋಡೇ ಕಲ್ತಿದ್ದು’ ಅಂತಾರೆ ಅತ್ತೆ. ಡಿಸೆಂಬರ್‌ನಲ್ಲಿ ಶಾಲೆಯ ವಾರ್ಷಿಕೋತ್ಸವ, ಡ್ಯಾನ್ಸ್‌ನಲ್ಲಿ ಇದ್ದಾಳೆ, ಮೇಕಪ್‌ಗೆ ದುಡ್ಡು ಕಟ್ಟಿ ಅಂತ ಹೇಳಿದ್ದಾರೆ. ಇಷ್ಟು ಚಿಕ್ಕ ಮಗುವಿಗೆ ಮೇಕಪ್ ಬಿಡಬಹುದಾ? ನಾನೇ ಹಚ್ಚಿಕೊಂಡು ಅವಳಿಗೆ ಬೇಡ ಅನ್ನುವುದು ಹೇಗೆ?
– ಹೆಸರು ಬೇಡ, ಬೆಂಗಳೂರು

ಪ್ರಿಯ ಸೋದರಿ,

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಮೇಕಪ್ ಬಿಡಬಹುದಾ ಅನ್ನುವ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಆ ಒಂದು ಸಾಲು. ಕತ್ತಿಗೆ, ಕೈಗೆ, ಮೊಣಕೈವರೆಗೂ ಕಾಂಪ್ಯಾಕ್ಟ್.

ಅಮ್ಮನ ಹಾಗೆ ಕಾಣಬೇಕು ಅಂತ ಆಟವಾಡುವ ಮಗು ಏನು ಮಾಡುತ್ತೆ? ತುಟಿಗೆ ಬಳಿದುಕೊಳ್ಳುತ್ತೆ, ಕೆನ್ನೆಗೆ ಗುಂಡಗೆ ಕೆಂಪು ಹಚ್ಚುತ್ತೆ, ನಿಮ್ಮ ಚಪ್ಪಲಿ ಮೆಟ್ಟಿಕೊಂಡು ಹಾಲ್‌ನಲ್ಲಿ ಟಕಟಕ ಅಂತ ಓಡಾಡುತ್ತೆ. ನಾವೆಲ್ಲ ಆಡಿದ ಆಟವೇ ಅದು. ಆದರೆ ಶಾಲೆಗೆ ಹೊರಟ ಮಗು, ಯೂನಿಫಾರಂನಿಂದ ಹೊರಗೆ ಕಾಣುವ ಚರ್ಮಕ್ಕೆಲ್ಲ ಪೌಡರ್ ಹಚ್ಚಿಕೊಂಡಿದೆ ಅಂದರೆ ಅದು ಏನನ್ನೋ ಮುಚ್ಚುತ್ತಿದೆ ಅಂತ ನನಗೆ ಅನಿಸುತ್ತೆ. ಯಾರೋ ಅವಳ ಬಣ್ಣದ ಬಗ್ಗೆ ಏನೋ ಅಂದಿದ್ದಾರೆ. ನನ್ನ ಊಹೆ ತಪ್ಪಾಗಿದ್ದರೆ ನನಗಿಂತ ಖುಷಿ ಪಡುವವರು ಯಾರೂ ಇಲ್ಲ. ಆದರೂ ಕೇಳಿ ನೋಡಿ.

ಇದು ನನಗೆ ಯಾಕೆ ತಟ್ಟನೆ ಹೊಳೆಯಿತು ಅಂದರೆ, ನನ್ನ ಹತ್ತಿರ ಒಂದು ಹಳೇ ಫೋಟೋ ಇದೆ. ನನಗೆ ಆಗ ಏಳು ವರ್ಷ. ಬೇಸಿಗೆ ರಜೆ. ಗಾಂಧಿ ಬಜಾರಿನಿಂದ ಮಲ್ಲಿಗೆ ಮೊಗ್ಗು ತಂದು, ಅಮ್ಮ ಬೆಳಿಗ್ಗೆಯೆಲ್ಲ ಕೂತು ಮೊಗ್ಗಿನ ಜಡೆ ಹಾಕಿದ್ದರು. ಜಡೆ ಕಾಣಬೇಕಲ್ಲ, ಅದಕ್ಕೆ ಸ್ಟುಡಿಯೋದಲ್ಲಿ ಹಿಂದೆ ಕನ್ನಡಿ ಇಟ್ಟು ಫೋಟೋ ತೆಗೆಯುತ್ತಿದ್ದರು. ಎಷ್ಟೋ ಮನೆಯ ಆಲ್ಬಮ್‌ನಲ್ಲಿ ಅಂಥ ಒಂದು ಚಿತ್ರ ಇದ್ದೇ ಇರುತ್ತೆ. ಫೋಟೋದವರು ನನ್ನನ್ನು ನೋಡಿ ‘ಮಗು ಕಪ್ಪಲ್ವಾ, ಫೋಟೋದಲ್ಲಿ ಏಳಲ್ಲ’ ಅಂತ ಹೇಳಿ ಮುಖಕ್ಕೆ ಪೌಡರ್ ಮೆತ್ತಿದರು. ಕಪ್ಪುಬಿಳುಪು ಫೋಟೋ. ಮುಂದೆ ನನ್ನ ಮುಖ ಸುಣ್ಣ ಬಳಿದ ಹಾಗೆ ಬೆಳ್ಳಗಿದೆ. ಹಿಂದಿನ ಕನ್ನಡಿಯಲ್ಲಿ ಜಡೆಯ ಪಕ್ಕ ಕತ್ತು ಮಾತ್ರ ನನ್ನ ಬಣ್ಣದಲ್ಲೇ ಇದೆ. ಅಲ್ಲಿಗೆ ಪೌಡರ್ ಹಚ್ಚಲು ಅವರಿಗೆ ನೆನಪಾಗಿಲ್ಲ. ಆಮೇಲೆ ಎಷ್ಟೋ ವರ್ಷ ಕತ್ತು ಮುಚ್ಚುವ ಹಾಗೆ ಜಡೆ ಮುಂದಕ್ಕೆ ಹಾಕಿಕೊಳ್ಳುತ್ತಿದ್ದೆ. ಅಮ್ಮನಿಗೆ ಇದನ್ನು ಯಾವತ್ತೂ ಹೇಳಲಿಲ್ಲ. ಅವರೂ ಕೇಳಲಿಲ್ಲ.

ನೀವು ಕೇಳಿ. ಎದುರು ಕೂರಿಸಿ ವಿಚಾರಣೆ ಮಾಡಬೇಡಿ, ಮಕ್ಕಳು ಬಾಯಿ ಬಿಡುವುದಿಲ್ಲ. ಭಾನುವಾರ ತಲೆಗೆ ಎಣ್ಣೆ ಹಚ್ಚುವಾಗ ಕೇಳಿ. ಮಗು ನಿಮ್ಮ ಮುಂದೆ ಬೆನ್ನು ಹಾಕಿ ಕೂತಿರುತ್ತೆ, ಮುಖ ನೋಡಬೇಕಾಗಿಲ್ಲ. ‘ಅವತ್ತು ಕೈಗೆಲ್ಲ ಪೌಡರ್ ಹಚ್ಕೊಂಡಿದ್ದೆ ಅಲ್ವಾ ಪುಟ್ಟಿ, ಯಾರಾದ್ರೂ ಏನಾದ್ರೂ ಅಂದ್ರಾ?’ ಅಷ್ಟೇ ಕೇಳಿ, ಸುಮ್ನೆ ಎಣ್ಣೆ ತಿಕ್ಕುತ್ತಾ ಇರಿ. ಮೊದಲ ವಾರ ‘ಇಲ್ಲ’ ಅನ್ನಬಹುದು. ಮುಂದಿನ ವಾರ ಹೇಳುತ್ತಾಳೆ.

ಹೇಳಿದಾಗ ‘ಅಯ್ಯೋ, ನೀನೆಲ್ಲಿ ಕಪ್ಪು?’ ಅಂತ ಮಾತ್ರ ಅನ್ನಬೇಡಿ. ಸಮಾಧಾನಕ್ಕೆ ಎಲ್ಲರೂ ಹೀಗೇ ಹೇಳುತ್ತಾರೆ. ಮಗುವಿಗೆ ಕೇಳಿಸುವುದು ಬೇರೆ: ಕಪ್ಪು ಅನ್ನೋದು ಕೆಟ್ಟದ್ದೇ, ಸದ್ಯ ನಾನು ಅದಲ್ಲ. ಅದರ ಬದಲು ಅವಳ ಕೈ ಪಕ್ಕ ನಿಮ್ಮ ಕೈ ಇಡಿ. ಈ ಬಣ್ಣ ಯಾರಿಂದ ಬಂತು ಅಂತ ಹೇಳಿ. ತಾತನದೋ, ನಿಮ್ಮ ಕಡೆ ಅಜ್ಜಿಯದೋ. ಚರ್ಮದಲ್ಲಿ ಮೆಲನಿನ್ ಅಂತ ಒಂದು ಬಣ್ಣ ಇರುತ್ತೆ, ಅದು ಬಿಸಿಲಿನಿಂದ ನಮ್ಮನ್ನು ಕಾಪಾಡುತ್ತೆ. ಆ ಬಣ್ಣ ತಯಾರಿಸುವ ಜೀವಕೋಶಗಳು ಬೆಳ್ಳಗಿದ್ದವರಲ್ಲೂ ಕಪ್ಪಗಿದ್ದವರಲ್ಲೂ ಹೆಚ್ಚುಕಡಿಮೆ ಒಂದೇ ಸಂಖ್ಯೆಯಲ್ಲಿ ಇರುತ್ತವೆ. ಕೆಲವರಲ್ಲಿ ಜಾಸ್ತಿ ಬಣ್ಣ ಮಾಡುತ್ತವೆ, ಕೆಲವರಲ್ಲಿ ಕಮ್ಮಿ. ಎಂಟು ವರ್ಷದ ಮಗುವಿಗೆ ಇದು ಚೆನ್ನಾಗಿಯೇ ಅರ್ಥವಾಗುತ್ತೆ. ಅಂದವರು ಕ್ಲಾಸಿನ ಮಕ್ಕಳಾಗಿದ್ದರೆ ಟೀಚರ್ ಹತ್ತಿರ ಮಾತಾಡಿ. ಮನೆಯವರೇ ಆಗಿದ್ದರೆ ನೀವೇ ನೇರವಾಗಿ ಹೇಳಬೇಕು, ಅತ್ತೆಯಾದರೂ ಸರಿ, ನಾದಿನಿಯಾದರೂ ಸರಿ.

ಒಂದು ವಾರ ನಿಮ್ಮ ಮನೆಯ ಮಾತನ್ನು ಸ್ವಲ್ಪ ಕಿವಿಗೊಟ್ಟು ಕೇಳಿಸಿಕೊಳ್ಳಿ. ‘ಬಿಸಿಲಲ್ಲಿ ಆಡ್ಬೇಡ, ಕಪ್ಪಗಾಗ್ತೀಯ.’ ‘ಕಡಲೆಹಿಟ್ಟು ಹಚ್ಚಿ ಉಜ್ಜು, ಬಣ್ಣ ಬರುತ್ತೆ.’ ‘ಈ ಫ್ರಾಕ್ ಅವಳ ಬಣ್ಣಕ್ಕೆ ಒಪ್ಪಲ್ಲ.’ ಯಾರೂ ಕೆಟ್ಟ ಮನಸ್ಸಿನಿಂದ ಹೇಳುವುದಿಲ್ಲ, ಗೊತ್ತು. 2020ರಲ್ಲಿ ‘ಫೇರ್ ಅಂಡ್ ಲವ್ಲಿ’ ಹೆಸರಿನಿಂದ ‘ಫೇರ್’ ಅನ್ನುವ ಪದವನ್ನೇ ತೆಗೆದು ‘ಗ್ಲೋ ಅಂಡ್ ಲವ್ಲಿ’ ಅಂತ ಮಾಡಿದರು. ನಮ್ಮ ಅಡುಗೆಮನೆ, ಬಚ್ಚಲುಮನೆ ಮಾತಿನಿಂದ ಅದು ಇನ್ನೂ ಹೋಗಿಲ್ಲ. ನೀವೇ ಕನ್ನಡಿ ಮುಂದೆ ನಿಂತು ‘ಎಷ್ಟು ಕಪ್ಪಗಾಗಿದೀನಿ’ ಅಂತ ಅಂದಿದ್ದೀರಾ, ನೆನಪು ಮಾಡಿಕೊಳ್ಳಿ.

ಇನ್ನು ಅತ್ತೆಯ ಮಾತು. ನಿಮ್ಮನ್ನು ನೋಡಿ ಕಲಿತಿದ್ದಾಳೆ ಅನ್ನುವುದು ಅರ್ಧ ನಿಜ. ಮಕ್ಕಳು ಕಲಿಯುವುದೇ ನೋಡಿ. ಅದಕ್ಕೆ ನೀವು ತಪ್ಪಿತಸ್ಥರ ಹಾಗೆ ತಲೆ ತಗ್ಗಿಸಬೇಕಾಗಿಲ್ಲ. ನೀವು ದುಡಿಯಲು ಹೋಗುತ್ತೀರಿ, ಅದಕ್ಕೊಂದು ವೇಷ ಇದೆ. ಕಂಡಕ್ಟರ್‌ಗೆ ಖಾಕಿ, ವಕೀಲರಿಗೆ ಕರಿಕೋಟು, ನಿಮಗೆ ಮೇಕಪ್ಪು. ಮಗಳಿಗೆ ಹಾಗೇ ಹೇಳಿ: ‘ಇದು ನನ್ನ ಯೂನಿಫಾರಂ. ನಿನ್ನ ಶಾಲೆಗೆ ನಿನ್ನ ಯೂನಿಫಾರಂ, ನನ್ನ ಅಂಗಡಿಗೆ ನಂದು.’ ‘ಇದು ಹಚ್ಚದಿದ್ದರೆ ನಾನು ಚೆನ್ನಾಗಿ ಕಾಣಲ್ಲ’ ಅನ್ನುವ ಮಾತು ಮಾತ್ರ ಅವಳ ಕಿವಿಗೆ ಬೀಳದಿರಲಿ. ಮಕ್ಕಳ ಮನಸ್ಸಿನಲ್ಲಿ ನಿಲ್ಲುವುದು ಅದೇ.

ಯಜಮಾನರ ಆತಂಕ ನನಗೆ ಅರ್ಥವಾಗುತ್ತೆ. ಆ ಸೆಟ್ಟು ಮನೆಯಲ್ಲಿ ಇಲ್ಲದಿದ್ದರೆ ಒಳ್ಳೆಯದೇ. ಆದರೆ ಮಗುವಿನ ಹುಟ್ಟುಹಬ್ಬದ ಉಡುಗೊರೆಯನ್ನು ಅದರ ಕಣ್ಣೆದುರೇ ಕಸಕ್ಕೆ ಎಸೆದರಲ್ಲ, ಅದು ತಪ್ಪು. ‘ಕೇಳ್ದೆ ಬಿಸಾಕಿದ್ದು ನನ್ನ ತಪ್ಪು ಮಗಳೇ’ ಅಂತ ಅವರೇ ಹೇಳಲಿ, ಆ ದುಡ್ಡಿಗೆ ಅವಳೇ ಆರಿಸಿದ ಬೇರೆ ಏನನ್ನಾದರೂ ಕೊಡಿಸಲಿ.

ಸೆಟ್ಟು ಬೇಡ ಅಂದಿದ್ದಕ್ಕೆ ಕಾರಣ ಇದೆ. ಮಕ್ಕಳ ಚರ್ಮ ದೊಡ್ಡವರದಕ್ಕಿಂತ ನಾಜೂಕು. ಮೈತೂಕಕ್ಕೆ ಹೋಲಿಸಿದರೆ ಚರ್ಮದ ವಿಸ್ತಾರವೂ ಜಾಸ್ತಿ, ಹಚ್ಚಿದ್ದು ಒಳಗೆ ಹೋದರೆ ಆ ಪುಟ್ಟ ಮೈಗೆ ಅದು ದೊಡ್ಡ ಪಾಲು. 2019ರಲ್ಲಿ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಚಿಕ್ಕ ಹುಡುಗಿಯರಿಗೆ ಅಂತಲೇ ಮಾರುತ್ತಿದ್ದ ಕೆಲವು ಮೇಕಪ್ ಪೌಡರ್‌ಗಳಲ್ಲಿ ಕ್ಯಾನ್ಸರ್ ತರಬಲ್ಲ ಕಲ್ನಾರು (ಆಸ್ಬೆಸ್ಟಾಸ್) ಇರುವುದನ್ನು ಪತ್ತೆ ಮಾಡಿ ಎಚ್ಚರಿಕೆ ಕೊಟ್ಟಿತು. ಪೌಡರ್‌ಗೆ ಹಾಕುವ ಟಾಲ್ಕ್ ಮತ್ತು ಈ ಕಲ್ನಾರು ಭೂಮಿಯಲ್ಲಿ ಅಕ್ಕಪಕ್ಕದಲ್ಲೇ ಸಿಗಬಹುದಾದ ಖನಿಜಗಳು, ಸರಿಯಾಗಿ ಪರೀಕ್ಷೆ ಮಾಡದಿದ್ದರೆ ಬೆರೆತುಹೋಗಬಹುದು. ‘ಮಕ್ಕಳಿಗಾಗಿ’ ಅಂತ ಡಬ್ಬಿಯ ಮೇಲೆ ಬರೆದಿದ್ದರೆ ಸಾಲದು. ನಮ್ಮ ಕಾನೂನಿನ ಪ್ರಕಾರ ಇಲ್ಲಿ ತಯಾರಾದ ಸೌಂದರ್ಯವರ್ಧಕದ ಮೇಲೆ ತಯಾರಕರ ಹೆಸರು, ವಿಳಾಸ, ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್, ಯಾವಾಗಿನವರೆಗೆ ಬಳಸಬಹುದು ಅನ್ನುವುದು ಇರಬೇಕು. ಫ್ಯಾನ್ಸಿ ಸ್ಟೋರ್‌ಗಳಲ್ಲಿ ಆಟದ ಸಾಮಾನಿನ ಜೊತೆ ನೇತುಹಾಕಿರುವ ಇಂಥ ಸೆಟ್‌ಗಳನ್ನು ತಿರುಗಿಸಿ ನೋಡಿ. ಎಷ್ಟರಲ್ಲೋ ಒಂದು ವಿಳಾಸವೂ ಇರುವುದಿಲ್ಲ.

ಕಾಡಿಗೆ ಬಗ್ಗೆ ಹೇಳಿದರೆ ಅಜ್ಜಿಯರಿಗೆ ಬೇಜಾರಾಗುತ್ತೆ, ಆದರೂ ಹೇಳಬೇಕು. ಕೆಲವು ಸುರ್ಮಾ, ಕಾಡಿಗೆಗಳಲ್ಲಿ ಸೀಸ ಇರುತ್ತೆ. ಸೀಸ ಮಕ್ಕಳ ಮಿದುಳಿನ ಬೆಳವಣಿಗೆಗೆ ಪೆಟ್ಟು ಕೊಡುತ್ತೆ, ಇಷ್ಟಿದ್ದರೆ ಪರವಾಗಿಲ್ಲ ಅನ್ನುವ ಪ್ರಮಾಣವೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ಹರಳೆಣ್ಣೆ ದೀಪದ ಮನೆ ಕಾಡಿಗೆಯಲ್ಲಿ ಸೀಸದ ಭಯ ಕಮ್ಮಿ. ಆದರೆ ಬೆರಳಿನಲ್ಲಿ ಕಣ್ಣೊಳಗೆ ಹಚ್ಚಿದಾಗ ಸೋಂಕು ತಗಲಬಹುದು. ದೃಷ್ಟಿಬೊಟ್ಟು ಬೇಕೇ ಬೇಕು ಅಂದರೆ ಕಣ್ಣಿನ ಹತ್ತಿರ ಬೇಡ, ಅಂಗಾಲಿಗೆ ಇಡಿ, ಹಾಗೆ ಇಡುವ ಪದ್ಧತಿಯೂ ನಮ್ಮಲ್ಲಿ ಇದೆ. ಹಳೇ ಕಾಲದಿಂದ ಬಂದಿದ್ದೆಲ್ಲ ಸುರಕ್ಷಿತ ಅಂತ ಅಂದುಕೊಳ್ಳಬಾರದು. ಯಕ್ಷಗಾನದವರು ಬಣ್ಣ ಹಚ್ಚಿಕೊಳ್ಳುವ ಚೌಕಿಯಲ್ಲಿ ಹಿಂದೆ ಮುಖಕ್ಕೆ ಹಚ್ಚುತ್ತಿದ್ದ ಹಳದಿ ಬಣ್ಣದ ಅರದಾಳದಲ್ಲಿ ಇರುವುದು ಆರ್ಸೆನಿಕ್ ಅನ್ನುವ ವಿಷ, ಕೆಂಪು ಬಣ್ಣದ ಇಂಗಳೀಕದಲ್ಲಿ ಪಾದರಸ.

ಪಾದರಸ ಅಂದ ಕೂಡಲೇ ಇನ್ನೊಂದು ನೆನಪಾಯಿತು. ನಿಮ್ಮ ಮಗಳ ವಿಷಯದಲ್ಲಿ ನನಗೆ ಹೆಚ್ಚಿನ ಭಯ ಇದರದ್ದೇ. ಬೆಳ್ಳಗಾಗುವ ಕ್ರೀಮು. 2023ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಹದಿಹರೆಯದ ಹುಡುಗಿಯೂ ಸೇರಿ ಹಲವರಿಗೆ ಕಿಡ್ನಿ ಕಾಯಿಲೆ ಬಂತು. ಕಾರಣ ಹುಡುಕಿದ ವೈದ್ಯರಿಗೆ ಸಿಕ್ಕಿದ್ದು ಅವರು ಹಚ್ಚುತ್ತಿದ್ದ ಕ್ರೀಮುಗಳು, ಅವುಗಳಲ್ಲಿ ಪಾದರಸ. ಮನೆಯಲ್ಲಿ ಅಂಥದ್ದು ಯಾರ ಹತ್ತಿರ ಇದ್ದರೂ ಮಗುವಿನ ಕೈಗೆ ಸಿಗಬಾರದು. ಇದರಲ್ಲಿ ರಾಜಿ ಬೇಡ.

ಹಾಗಾದರೆ ಏನೂ ಬೇಡವಾ? ಹಾಗಲ್ಲ. ಪೂರ್ತಿ ಬೇಡ ಅಂದರೆ ಕದ್ದು ಮಾಡುತ್ತಾಳೆ, ಈಗಾಗಲೇ ಮಾಡಿದ್ದಾಳೆ. ರಜೆಯ ದಿನ ಮನೆಯೊಳಗೆ ಅರ್ಧ ಗಂಟೆ ಆಟಕ್ಕೆ ಬಿಡಿ. ಹಣೆಗೆ ಬಗೆಬಗೆಯ ಬೊಟ್ಟು, ಬಳೆ, ಹೂವು, ತುಟಿಗೆ ಬಣ್ಣವಿಲ್ಲದ ಲಿಪ್ ಬಾಮ್. ನೇಲ್ ಪಾಲಿಶ್ ಕಾಲಿನ ಉಗುರಿಗೆ ಮಾತ್ರ. ನಮ್ಮ ಮಕ್ಕಳು ಕೈಯಲ್ಲಿ ಕಲಸಿ ತಿನ್ನುತ್ತಾರೆ, ಬೆರಳಿನ ಬಣ್ಣ ಚಕ್ಕೆಚಕ್ಕೆಯಾಗಿ ಸಾರನ್ನದ ಜೊತೆ ಹೊಟ್ಟೆಗೆ ಹೋಗುತ್ತೆ. ಗೋರಂಟಿ ಸೊಪ್ಪು ಸಿಕ್ಕರೆ ಅರೆದು ಹಚ್ಚಿ, ಆದರೆ ಹತ್ತು ನಿಮಿಷದಲ್ಲಿ ಕಪ್ಪಗೆ ಬಣ್ಣ ಬಿಡುವ ಕೋನ್ ಬೇಡ. ಅದರಲ್ಲಿ ಕೂದಲ ಬಣ್ಣಕ್ಕೆ ಹಾಕುವ ಪಿಪಿಡಿ ಅನ್ನುವ ರಾಸಾಯನಿಕ ಬೆರೆಸಿರಬಹುದು, ಗುಳ್ಳೆ ಎದ್ದು ಕಲೆ ಉಳಿಯಬಹುದು. ಫೌಂಡೇಶನ್, ಕಾಂಪ್ಯಾಕ್ಟ್, ಐಲೈನರ್ ಈಗ ಬೇಡ. ಶಾಲೆಗೆ ಏನೂ ಬೇಡ. ಹೈಸ್ಕೂಲಿಗೆ ಬಂದ ಮೇಲೆ ಮತ್ತೆ ಕೂತು ಮಾತಾಡೋಣ ಅಂತ ಅವಳಿಗೇ ಹೇಳಿಡಿ.

ವಾರ್ಷಿಕೋತ್ಸವಕ್ಕೆ ಮೇಕಪ್ ಮಾಡಿಸಿ, ಧೈರ್ಯವಾಗಿ. ವೇದಿಕೆಯ ದೀಪದಲ್ಲಿ ಹುಬ್ಬು, ಕಣ್ಣು ಮಸುಕಾಗುತ್ತೆ, ಕೊನೆಯ ಸಾಲಿನಲ್ಲಿ ಕೂತ ತಾತನಿಗೂ ಕಾಣಬೇಕಲ್ವಾ. ಅಲ್ಲಿ ಗಂಡುಮಕ್ಕಳಿಗೂ ಬಳಿಯುತ್ತಾರೆ, ಅದು ಪಾತ್ರದ ಬಣ್ಣ. ಆದರೆ ನೀವು ಅವತ್ತು ರಜೆ ಹಾಕಿ ಗ್ರೀನ್ ರೂಮಿಗೆ ಹೋಗಿ. ನಗರದ ಒಂದು ಸಭಾಂಗಣದಲ್ಲಿ ನಾನೇ ನೋಡಿದ್ದೇನೆ. ನಲವತ್ತು ಮಕ್ಕಳು ಸಾಲಾಗಿ ಕೂತಿದ್ದರು. ಎಲ್ಲರಿಗೂ ಒಂದೇ ಒದ್ದೆ ಸ್ಪಂಜು, ಒಂದೇ ಕಾಡಿಗೆ ಪೆನ್ಸಿಲ್. ಒಂದು ಮಗುವಿಗೆ ಕಣ್ಣುಬೇನೆ ಇದ್ದರೆ ನಲವತ್ತು ಮಕ್ಕಳಿಗೂ ಬರಬಹುದು. ಎಣ್ಣೆಗೆಂಪು ಬಣ್ಣದವರು, ಕಪ್ಪಗಿದ್ದವರು, ಬೆಳ್ಳಗಿದ್ದವರು, ಎಲ್ಲರಿಗೂ ಒಂದೇ ತಿಳಿಗುಲಾಬಿ ಪ್ಯಾನ್‌ಕೇಕ್ ಮೇಕಪ್ ಬಳಿದಿದ್ದರು.

ನೀವು ಮನೆಯಿಂದ ಹೊಸ ಸ್ಪಂಜು, ಹೊಸ ಪೆನ್ಸಿಲ್ ತೆಗೆದುಕೊಂಡು ಹೋಗಿ. ಹಿಂದಿನ ದಿನವೇ ಆ ಬಣ್ಣವನ್ನು ಅವಳ ಮೊಣಕೈ ಒಳಭಾಗದಲ್ಲಿ ಸ್ವಲ್ಪ ಹಚ್ಚಿ ನೋಡಿ, ತುರಿಕೆ ಬಂದರೆ ಬೇಡ. ಫೌಂಡೇಶನ್ ಅವಳ ಬಣ್ಣಕ್ಕೆ ಹೊಂದುವುದೇ ಇರಲಿ. ನಿಮಗೆ ಶೇಡ್ ಆರಿಸುವುದು ನನಗಿಂತ ಚೆನ್ನಾಗಿ ಗೊತ್ತಿರುತ್ತೆ. ಮೇಕಪ್ ಮಾಡುವವರಿಗೆ ಅವಳ ಎದುರಿಗೇ ಹೇಳಿ: ‘ನನ್ನ ಮಗಳ ಬಣ್ಣ ಇದು, ಇದನ್ನೇ ಹಚ್ಚಿ.’ ಅವಳಿಗೆ ಕೇಳಿಸುವ ಹಾಗೆ ಹೇಳಿ.

ಕೊನೆಗೆ ಒಂದು ಕೆಲಸ, ಇವತ್ತೇ ಶುರು ಮಾಡಬಹುದು. ರಾತ್ರಿ ಕೆಲಸ ಮುಗಿಸಿ ಬಂದು ನೀವು ಮುಖ ತೊಳೆಯುತ್ತೀರಲ್ಲ, ಅದು ಅವಳಿಗೆ ಕಾಣುವುದೇ ಇಲ್ಲ. ಬೆಳಿಗ್ಗೆ ಹಚ್ಚುವುದು ಮಾತ್ರ ಕಾಣುತ್ತೆ. ಇವತ್ತು ಬಂದ ಮೇಲೆ ಅವಳ ಕೈಗೆ ಹತ್ತಿ, ಎರಡು ಹನಿ ಕೊಬ್ಬರಿ ಎಣ್ಣೆ ಕೊಡಿ. ಅವಳೇ ನಿಮ್ಮ ಕೆನ್ನೆ, ತುಟಿ ಒರೆಸಲಿ. ಹತ್ತಿಗೆ ಬಣ್ಣ ಹೇಗೆ ಬರುತ್ತೆ ಅಂತ ನೋಡಲಿ. ಕಣ್ಣ ಕೆಳಗಿನ ಕಪ್ಪು, ಕೆನ್ನೆಯ ಮಚ್ಚೆ, ದಿನವಿಡೀ ನಿಂತು ದಣಿದ ಮುಖ, ಎಲ್ಲ ಕಾಣಲಿ. ಅವಸರ ಮಾಡಬೇಡಿ. ಒರೆಸಿ ಮುಗಿದ ಮೇಲೆ ನಿಮ್ಮನ್ನು ನೋಡಿ ಅವಳು ಏನಂದಳು ಅಂತ ನನಗೆ ಬರೆಯಿರಿ, ಕಾಯುತ್ತಿರುತ್ತೇನೆ.