ಕಾಫಿ ತೋಟದಲ್ಲಿ ವಾಕಿ-ಟಾಕಿಗೆ ಲೈಸೆನ್ಸ್ ಬೇಕಾ? 'ಪ್ರೈವಸಿ ಕೋಡ್' ಹಾಕಿದರೆ ಮಾತು ಗುಟ್ಟಾಗಿ ಇರುತ್ತದಾ?

ನೀವು ಕೇಳಿದ್ದು ಇಷ್ಟು: ಸಕಲೇಶಪುರದ ಹತ್ತಿರ ತೋಟ, ಮೊಬೈಲ್ ಸಿಗ್ನಲ್ ಇಲ್ಲ. ಅಮೆರಿಕದಲ್ಲಿರುವ ಭಾವ ಒಂದು ಜೊತೆ ವಾಕಿ-ಟಾಕಿ ತಂದುಕೊಡ್ತೀನಿ ಅಂದಿದ್ದಾರೆ. ಡಬ್ಬದ ಮೇಲೆ 'ಪ್ರೈವಸಿ ಕೋಡ್' ಅಂತ ಬೇರೆ ಬರೆದಿದೆ.

ಮೊದಲು ಭಾವನಿಗೆ ಫೋನ್ ಮಾಡಿ ಬೇಡ ಅನ್ನಿ. ಅಲ್ಲಿ ಅಂಗಡಿಯಲ್ಲಿ ಸಿಗುವ ಮಾಮೂಲಿ ಸೆಟ್‌ಗಳು 462 ಮತ್ತು 467 ಮೆಗಾಹರ್ಟ್ಸ್‌ನಲ್ಲಿ ಮಾತಾಡುತ್ತವೆ. ಅಲ್ಲಿ ಅದಕ್ಕೆ ಲೈಸೆನ್ಸ್ ಬೇಡ, ಇಲ್ಲಿ ಬೇಕು. ನಮ್ಮಲ್ಲಿ ಇಂಥ ವಾಕಿ-ಟಾಕಿಯನ್ನು ಲೈಸೆನ್ಸ್ ಇಲ್ಲದೆ ಬಳಸಬಹುದಾದ ಫ್ರೀಕ್ವೆನ್ಸಿ ಪಟ್ಟಿ (ಬ್ಯಾಂಡ್) 446.0ರಿಂದ 446.2 ಮೆಗಾಹರ್ಟ್ಸ್. 2018ರ ನಿಯಮದಲ್ಲಿ ಇದನ್ನು ಬಿಟ್ಟುಕೊಟ್ಟಿದ್ದಾರೆ. ಲೈಸೆನ್ಸ್ ಬೇಕಾದ ಸೆಟ್ಟನ್ನು ಸುಮ್ನೆ ಕಪಾಟಿನಲ್ಲಿ ಇಟ್ಟಿದ್ದೆ ಅಂದರೂ ನಡೆಯುವುದಿಲ್ಲ. 1933ರ ವಯರ್‌ಲೆಸ್ ಕಾಯ್ದೆಯ ಕಾಲದಿಂದಲೂ ಅಂಥ ಸೆಟ್ ಇಟ್ಟುಕೊಳ್ಳುವುದಕ್ಕೇ ಅನುಮತಿ ಬೇಕು.

ಆನ್‌ಲೈನ್‌ನಲ್ಲಿ ಕೊಳ್ಳುವಾಗಲೂ ಹುಷಾರು. 'ಲೈಸೆನ್ಸ್ ಫ್ರೀ' ಅಂತ ಹಾಕಿ ಏನನ್ನು ಬೇಕಾದರೂ ಮಾರುತ್ತಿದ್ದರು. ಅದಕ್ಕೇ 2025ರಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಇದಕ್ಕೆಂದೇ ಮಾರ್ಗಸೂಚಿ ತಂದಿತು. ಫ್ರೀಕ್ವೆನ್ಸಿ ಎಷ್ಟು, ಇಟಿಎ ಸರ್ಟಿಫಿಕೇಟ್ (ಆ ಮಾದರಿಯ ಸೆಟ್‌ಗೆ ಸರ್ಕಾರದ ಒಪ್ಪಿಗೆ ಪತ್ರ) ಇದೆಯಾ ಎಂದು ಕೇಳಿ. ಉತ್ತರ ಕೊಡದ ಅಂಗಡಿಯವನನ್ನು ಬಿಟ್ಟುಬಿಡಿ. ಬಾವೊಫೆಂಗ್ ಯುವಿ-5ಆರ್ ತರಹದ ಸೆಟ್ ಅಗ್ಗಕ್ಕೆ ಸಿಗುತ್ತದೆ, ನಿಜ. ಆದರೆ ಅದರಲ್ಲಿ 446ರ ಹೊರಗಿನ ಬಹಳಷ್ಟು ಫ್ರೀಕ್ವೆನ್ಸಿ ನಾವೇ ಹಾಕಬಹುದು, ಪವರ್ ಜಾಸ್ತಿ. ಅದು ನಮ್ಮಂಥ ಹ್ಯಾಮ್‌ಗಳ, ಅಂದರೆ ಪರೀಕ್ಷೆ ಬರೆದು ಲೈಸೆನ್ಸ್ ಪಡೆದ ಹವ್ಯಾಸಿ ರೇಡಿಯೋದವರ ಸೆಟ್. ಹ್ಯಾಮ್ ಪರೀಕ್ಷೆ ಪಾಸು ಮಾಡ್ತೀನಿ ಅಂದರೆ ಸಂತೋಷ, ಬನ್ನಿ. ಆದರೆ ಆ ಲೈಸೆನ್ಸ್‌ನಲ್ಲಿ ತೋಟದ ವ್ಯವಹಾರ ಮಾತಾಡುವ ಹಾಗಿಲ್ಲ. ಜೊತೆಗೆ ನಿಮ್ಮ ಮೇಸ್ತ್ರಿಯೂ ಪರೀಕ್ಷೆ ಬರೆಯಬೇಕಾಗುತ್ತದೆ!

ಈಗ ಗುಟ್ಟಿನ ವಿಷಯ. ಆ 'ಪ್ರೈವಸಿ ಕೋಡ್'ನಲ್ಲಿ ಗುಟ್ಟು ಅನ್ನುವುದೇ ಇಲ್ಲ.

ಕೆಲವು ವರ್ಷಗಳ ಹಿಂದೆ ಪರಿಚಯದ ಒಬ್ಬರ ತೋಟದಲ್ಲಿ ಎರಡು ದಿನ ಇದ್ದೆ. ಅವರಲ್ಲಿ 446ರ ಸೆಟ್‌ಗಳೇ ಇದ್ದವು, ಎಲ್ಲದಕ್ಕೂ ಕೋಡ್ ಹಾಕಿದ್ದರು. "ನಮ್ಮ ಲೈನು ಯಾರಿಗೂ ಸಿಗಲ್ಲ" ಅಂತ ತೋಟದ ಲೆಕ್ಕ ಬರೆಯುವ ರೈಟರ್‌ಗೆ ಬಹಳ ಹೆಮ್ಮೆ. ಮರುದಿನ ನಾನು ಎದುರಿನ ಗುಡ್ಡ ಹತ್ತಿ, ನನ್ನ ಸೆಟ್‌ನಲ್ಲಿ ಕೋಡ್ ತೆಗೆದು ಕೂತೆ. ಶನಿವಾರದ ಬಟವಾಡೆ ದುಡ್ಡು ಯಾವ ಜೀಪಿನಲ್ಲಿ, ಎಷ್ಟು ಹೊತ್ತಿಗೆ, ಯಾರ ಜೊತೆ ಬರುತ್ತದೆ ಎಂಬುದೆಲ್ಲ ಸ್ಪಷ್ಟವಾಗಿ ಕೇಳಿತು. ಇಳಿದು ಬಂದು ಹಾಗೇ ಒಪ್ಪಿಸಿದೆ. ರೈಟರ್ ಮುಖ ಸಣ್ಣದಾಯಿತು.

ಯಾಕೆ ಹೀಗೆ ಅಂದರೆ, ಆ ಕೋಡ್ ಬೀಗವೇ ಅಲ್ಲ. ನಿಮ್ಮ ಮಾತಿನ ಜೊತೆ ಸೆಟ್ ಒಂದು ಸಣ್ಣ ಗುಂಯ್ ಶಬ್ದ ಸೇರಿಸಿ ಕಳಿಸುತ್ತದೆ. 67 ಹರ್ಟ್ಸ್ ಅಂದುಕೊಳ್ಳಿ. ಆ ಗುಂಯ್ ಬಂದರೆ ಮಾತ್ರ ನಿಮ್ಮ ಕಡೆಯ ಸೆಟ್ ಸ್ಪೀಕರ್ ಬಿಡುತ್ತದೆ. ಬೇರೆಯವರ ಹರಟೆ ನಿಮಗೆ ಕೇಳದಿರಲಿ ಅಂತ ಮಾಡಿದ್ದು ಅದು. ಹತ್ತಿ ಇಟ್ಟಿದ್ದು ನಿಮ್ಮ ಕಿವಿಗೆ, ಕದ್ದು ಕೇಳುವವರ ಕಿವಿಗಲ್ಲ. ಮಾತು ಮಾತ್ರ ಬಯಲಲ್ಲೇ ಹೋಗುತ್ತದೆ. ಡಿಜಿಟಲ್ ಸೆಟ್ ಆದರೆ ಸ್ವಲ್ಪ ವಾಸಿ. ಆದರೆ ಎನ್‌ಕ್ರಿಪ್ಷನ್ ಇಲ್ಲದಿದ್ದರೆ, ಕಂಪ್ಯೂಟರಿಗೆ ಸಿಕ್ಕಿಸುವ ಪುಟ್ಟ ರಿಸೀವರ್ ಇದ್ದವರು ಅದನ್ನೂ ಬಿಡಿಸಿ ಕೇಳಬಲ್ಲರು.

ಇದಕ್ಕೆ ದೂರು ಕೊಡುವ ಹಾಗೂ ಇಲ್ಲ. ಲೈಸೆನ್ಸ್ ಬೇಡದ ಪಟ್ಟಿ ಅಂದರೆ ಎಲ್ಲರೂ ಹಂಚಿಕೊಳ್ಳುವ ಜಾಗ. ಯಾರೋ ನಿಮ್ಮ ಚಾನೆಲ್‌ಗೆ ಬಂದು ಮಾತಾಡಿದರೂ ರಕ್ಷಣೆ ಕೇಳುವಂತಿಲ್ಲ ಎಂದು ನಿಯಮವೇ ಹೇಳುತ್ತದೆ. ನಿಮ್ಮದೇ ಫ್ರೀಕ್ವೆನ್ಸಿ ಬೇಕಾದರೆ ದೂರಸಂಪರ್ಕ ಇಲಾಖೆಯಲ್ಲಿ ಫ್ರೀಕ್ವೆನ್ಸಿ ಹಂಚುವ ವಿಭಾಗವಾದ ಡಬ್ಲ್ಯುಪಿಸಿಗೆ ಅರ್ಜಿ ಹಾಕಿ, ಶುಲ್ಕ ಕಟ್ಟಬೇಕು. ದೊಡ್ಡ ಎಸ್ಟೇಟಿಗೆ ಸರಿ, ನಾಲ್ಕು ಸೆಟ್‌ಗೆ ಯಾಕೆ?

ಅರ್ಧ ವ್ಯಾಟ್‌ನ ನಾಲ್ಕು ಸೆಟ್ ತಗೊಳ್ಳಿ. ಡಬ್ಬದ ಮೇಲಿನ ಕಿಲೋಮೀಟರ್ ಲೆಕ್ಕ ನಂಬಬೇಡಿ. ಅದು ಬಯಲಿನ ಲೆಕ್ಕ. ಮಧ್ಯೆ ಗುಡ್ಡ ಅಡ್ಡ ಬಂದರೆ ಮುಗಿಯಿತು. ಆದ್ದರಿಂದ ಕೊಳ್ಳುವ ಮೊದಲು ಯಾರದ್ದಾದರೂ ಸೆಟ್ ಕಡ ತಂದು ಪಲ್ಪರ್ ಮನೆಯಿಂದ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಜಾಗ) ಕೂಲಿಯವರ ಲೈನ್ ಮನೆಗೆ ಕೇಳುತ್ತದಾ ನೋಡಿ.

ದುಡ್ಡು, ಮನೆಯಲ್ಲಿ ಯಾರಿಲ್ಲ, ಕೂಲಿಯವರ ಮನೆ ವಿಷಯ ಇವೆಲ್ಲ ಸೆಟ್‌ನಲ್ಲಿ ಬೇಡ. ಆ ತೋಟದಲ್ಲಿ ಈಗ ಬಟವಾಡೆ ವಿಷಯ ಮುಖತಃ ಮಾತ್ರ ಹೇಳುತ್ತಾರೆ. ಇನ್ನೊಂದು ಕೆಲಸವನ್ನೂ ಮಾಡಿದ್ದಾರೆ, ನನಗೆ ಬಹಳ ಹಿಡಿಸಿತು. ಅಕ್ಕಪಕ್ಕದ ಮೂರು ತೋಟದವರು ಮಾತಾಡಿಕೊಂಡು ಒಂದು ಚಾನೆಲ್ಲನ್ನು ಕೋಡ್ ಹಾಕದೆ ಹಾಗೇ ಬಿಟ್ಟಿದ್ದಾರೆ. ಆನೆ ಕಂಡರೆ ಅದರಲ್ಲಿ ಕೂಗುತ್ತಾರೆ.