ಸಮುದ್ರದ ನೀರು ಕುಡಿದ ನಾಯಿಗೆ ಮತ್ತೆ ಉಪ್ಪುನೀರು ಕುಡಿಸಬೇಡಿ

ಮಳೆಗಾಲ ಮುಗಿದು ಕಡಲು ಶಾಂತವಾಯಿತು ಅಂದರೆ ನನಗೆ ಒಂದೇ ಪ್ರಶ್ನೆ ಬೇರೆ ಬೇರೆ ಊರಿಂದ ಬರುತ್ತದೆ. ನಾಯಿಯ ಹೆಸರು ಬೇರೆ, ತಳಿ ಬೇರೆ, ಕತೆ ಅದೇ. ಹಾಗಾಗಿ ಈ ಸಲ ಜಾಸ್ತಿ ಜಾಗ ಅದಕ್ಕೇ. ಉಳಿದವರು ಬೇಸರ ಮಾಡಿಕೊಳ್ಳಬೇಡಿ.

ಪ್ರಶ್ನೆ: ನಮ್ಮದು ಎರಡು ವರ್ಷದ ಲ್ಯಾಬ್ರಡಾರ್, 28 ಕಿಲೋ ತೂಕ. ಭಾನುವಾರ ಕಾರವಾರದ ಟಾಗೋರ್ ಬೀಚಿಗೆ ಕರೆದುಕೊಂಡು ಹೋಗಿದ್ದೆವು. ಮಕ್ಕಳು ತೆಂಗಿನ ಸಿಪ್ಪೆ ಎಸೆಯುತ್ತಿದ್ದರು, ಅವನು ಅಲೆಗೆ ಹಾರಿ ಕಚ್ಚಿಕೊಂಡು ಬರುತ್ತಿದ್ದ. ವಾಪಸ್ ಬರುವಾಗ ಘಟ್ಟದಲ್ಲಿ ಎರಡು ಸಲ ವಾಂತಿ ಮಾಡಿದ. ರಾತ್ರಿ ನೀರಿನ ಹಾಗೆ ಭೇದಿ. ಏನೋ ವಿಷ ತಿಂದಿದ್ದಾನೆ, ಉಪ್ಪುನೀರು ಕುಡಿಸಿ ಎಲ್ಲ ಕಕ್ಕಿಸಿ ಎಂದು ಪಕ್ಕದ ಮನೆಯವರು ಹೇಳಿದರು. ಕುಡಿಸಿದೆವು. ಬೆಳಿಗ್ಗೆ ನೋಡಿದರೆ ಹಿಂಗಾಲು ತಡವರಿಸುತ್ತಿತ್ತು. ಡಾಕ್ಟರ್ ಹತ್ತಿರ ಎರಡು ದಿನ ಡ್ರಿಪ್ ಹಾಕಿಸಿ ಈಗ ಹುಷಾರಾಗಿದ್ದಾನೆ. ಅವನಿಗೆ ಏನಾಗಿತ್ತು? (ಶಿರಸಿಯ ಓದುಗರು)

ಉತ್ತರ: ಹುಷಾರಾಗಿದ್ದು ನಿಮ್ಮ ಪುಣ್ಯ. ನೀವು ಬರೆದಿದ್ದನ್ನು ನೋಡಿದರೆ ಅವನ ಹೊಟ್ಟೆ ಸೇರಿದ್ದ ವಿಷ ಉಪ್ಪೇ. ಅದರ ಮೇಲೆ ನೀವು ಇನ್ನಷ್ಟು ಉಪ್ಪು ಕುಡಿಸಿದಿರಿ.

ಒಂದು ಲೀಟರ್ ಸಮುದ್ರದ ನೀರಲ್ಲಿ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. ನಾಯಿಯ ತೂಕದ ಪ್ರತಿ ಕಿಲೋಗೆ 2ರಿಂದ 3 ಗ್ರಾಂ ಉಪ್ಪು ಒಳಗೆ ಹೋದರೆ ತೊಂದರೆ ಶುರು. 4 ಗ್ರಾಂ ಹೋದರೆ ಪ್ರಾಣಕ್ಕೇ ಕುತ್ತು. ನಿಮ್ಮ ಲ್ಯಾಬ್ರಡಾರ್‌ಗೆ ತೊಂದರೆ ಶುರುವಾಗಲು ಸುಮಾರು 1.6 ಲೀಟರ್ ಸಮುದ್ರದ ನೀರು ಸಾಕು. ಏಳು ಕಿಲೋದ ಪಗ್ ಆದರೆ 400 ಮಿಲಿ, ಅಂದರೆ ಎರಡು ಲೋಟ.

ನಮ್ಮ ನಾಯಿ ಸಮುದ್ರದ ನೀರು ಕುಡಿಯೋದೇ ಇಲ್ಲ ಡಾಕ್ಟ್ರೇ, ಅನ್ನುತ್ತಾರೆ ಎಲ್ಲರೂ. ಬಾಯಿ ಹಾಕಿ ಕುಡಿಯುವುದಿಲ್ಲ, ನಿಜ. ಆದರೆ ಸಿಪ್ಪೆ ಕಚ್ಚುವಾಗ ಹತ್ತಿರದಿಂದ ನೋಡಿ. ಅಲೆಯೊಳಗೆ ಬಾಯಿ ಪೂರ್ತಿ ತೆರೆದು ಹಿಡಿಯುತ್ತದೆ, ಒಂದು ಗುಟುಕು ಒಳಗೆ. ನೆಂದ ಸಿಪ್ಪೆ ನೀರು ಹೀರಿಕೊಂಡು ದಪ್ಪ ಆಗಿರುತ್ತದೆ. ದಡಕ್ಕೆ ಈಜಿ ಬರುವಷ್ಟು ಹೊತ್ತೂ ಹಲ್ಲು ಒತ್ತಿ ಆ ನೀರು ಗಂಟಲಿಗೆ ಇಳಿಯುತ್ತಿರುತ್ತದೆ. ದೊಡ್ಡ ಚೆಂಡಿನಲ್ಲೂ ಇದೇ ಕಷ್ಟ, ಬಾಯಿ ಮುಚ್ಚಲು ಬಿಡುವುದಿಲ್ಲ. ಜೊತೆಗೆ ದಡದಲ್ಲಿ ಸಿಪ್ಪೆಗೆ ಮೆತ್ತಿದ ಮರಳೂ ಹೊಟ್ಟೆಗೆ ಹೋಗುತ್ತದೆ. ಜಾಸ್ತಿ ಹೋದರೆ ಕರುಳಲ್ಲಿ ಗಟ್ಟಿಯಾಗಿ ಕೂತುಬಿಡುತ್ತದೆ. ನಾಯಿ ಮತ್ತೆ ಮತ್ತೆ ವಾಂತಿ ಮಾಡುತ್ತಿದೆ, ಮಲ ಬರುತ್ತಿಲ್ಲ, ಹೊಟ್ಟೆ ಮುಟ್ಟಲು ಬಿಡುತ್ತಿಲ್ಲ ಅಂದರೆ ಎಕ್ಸ್‌ರೇ ಮಾಡಿಸಲೇಬೇಕು.

ಒಳಗೆ ಹೋದ ಉಪ್ಪು ಏನು ಮಾಡುತ್ತದೆ? ನೀವು ಶಿರಸಿಯವರು, ಅಪ್ಪೆಮಿಡಿಗೆ ಉಪ್ಪು ಹಾಕಿಟ್ಟಿದ್ದನ್ನು ನೋಡಿದ್ದೀರಿ. ಮಿಡಿ ನೀರು ಬಿಟ್ಟು ಸುರುಟಿಕೊಳ್ಳುತ್ತದೆ. ಇಲ್ಲೂ ಹಾಗೆಯೇ, ಮೈಯೊಳಗಿನ ನೀರನ್ನು ಉಪ್ಪು ಕರುಳಿಗೆ ಎಳೆಯುತ್ತದೆ. ಅದಕ್ಕೇ ನೀರು ನೀರಾದ ಭೇದಿ. ಉಪ್ಪಿನಲ್ಲಿರುವ ಸೋಡಿಯಂ ರಕ್ತದಲ್ಲಿ ಏರಿದರೆ ಮೆದುಳಿನ ಜೀವಕೋಶಗಳೂ ನೀರು ಕಳೆದುಕೊಂಡು ಕುಗ್ಗುತ್ತವೆ. ತಡವರಿಸುವುದು, ನಡುಕ, ಮಂಕು ಎಲ್ಲ ಆಗಲೇ ಬರುವುದು. ಕೊನೆಗೆ ಫಿಟ್ಸ್.

ಇನ್ನು ಪಕ್ಕದ ಮನೆಯವರ ಉಪ್ಪುನೀರಿನ ವಿಚಾರ. ನನಗೆ ನಿಜವಾಗಿ ಸಿಟ್ಟು ಬರುವುದು ಇಲ್ಲೇ. ವಾಟ್ಸಾಪಿನಲ್ಲಿ ಓಡಾಡುತ್ತದೆ, ಪೆಟ್ ಶಾಪಿನಲ್ಲಿ ಹೇಳಿ ಕಳಿಸುತ್ತಾರೆ, ಹಿರಿಯರೂ ಹೇಳುತ್ತಾರೆ. ಒಂದು ದೊಡ್ಡ ಚಮಚ ಉಪ್ಪು ಅಂದರೆ 17-18 ಗ್ರಾಂ. ಏಳು ಕಿಲೋದ ನಾಯಿಗೆ ಆ ಒಂದು ಚಮಚವೇ ವಿಷ. ಯಾವ ಕಾರಣಕ್ಕೂ, ಏನೇ ತಿಂದಿರಲಿ, ನಾಯಿಗೆ ಉಪ್ಪುನೀರು ಕುಡಿಸಿ ಕಕ್ಕಿಸಬೇಡಿ. ಉಪ್ಪು ಹಾಕಿದ ಮಜ್ಜಿಗೆಯೂ ಬೇಡ, ಓಆರ್‌ಎಸ್ ಪುಡಿಯೂ ಬೇಡ. ಅದರಲ್ಲಿರುವುದೂ ಸೋಡಿಯಮ್ಮೇ ಅಲ್ವಾ? ಎಳನೀರು ಕೊಟ್ಟೆವು ಅನ್ನುತ್ತಾರೆ ಕೆಲವರು. ಮಾರಾಯ್ರೆ, ಸುಮ್ನೆ ಬಾವಿ ನೀರು ಕೊಡಿ.

ಆ ಸಿಹಿನೀರನ್ನೂ ಒಂದೇ ಸಲ ಬೋಗುಣಿ ತುಂಬ ಇಡಬೇಡಿ. ಒಂದು ಸಲ ವಾಂತಿಯೋ ಭೇದಿಯೋ ಆಗಿದೆ, ನಾಯಿ ಚುರುಕಾಗಿಯೇ ಇದೆ ಅಂದರೆ ನೆರಳಲ್ಲಿ ಮಲಗಿಸಿ, ಕೆಲವು ನಿಮಿಷಕ್ಕೊಮ್ಮೆ ಸ್ವಲ್ಪ ಸ್ವಲ್ಪ ಕುಡಿಸಿ. ವಾಂತಿ ನಿಲ್ಲಲಿಲ್ಲ, ಕುಡಿದ ನೀರೂ ನಿಲ್ಲುತ್ತಿಲ್ಲ, ಕಾಲು ತಡವರಿಸುತ್ತಿದೆ ಅಂದರೆ ಬೆಳಗಾಗಲಿ ಎಂದು ಕಾಯಬೇಡಿ, ಗಾಡಿ ಹತ್ತಿಸಿ. ಡಾಕ್ಟರಿಗೆ ಮೊದಲ ಮಾತಿಗೇ ಹೇಳಿ: "ಸಮುದ್ರಕ್ಕೆ ಹೋಗಿತ್ತು, ಇಷ್ಟು ಹೊತ್ತು ನೀರಲ್ಲಿ ಆಡಿದೆ." ಹೇಳದಿದ್ದರೆ ಏನೋ ಹಳಸಿದ್ದು ತಿಂದಿದೆ ಅಂದುಕೊಳ್ಳುವುದು ಸಹಜ. ಹೇಳಿದರೆ ರಕ್ತದ ಸೋಡಿಯಂ ನೋಡುತ್ತಾರೆ. ಡ್ರಿಪ್ ನಿಧಾನ ಬಿಡುತ್ತಿದ್ದಾರೆ ಎಂದು ಅಲ್ಲಿ ಜಗಳ ಆಡಬೇಡಿ. ಹೊತ್ತು ಕಳೆದ ಮೇಲೆ ಸೋಡಿಯಂ ಗಬಕ್ಕನೆ ಇಳಿಸಿದರೆ ಕುಗ್ಗಿದ್ದ ಮೆದುಳು ಊದಿಕೊಳ್ಳುತ್ತದೆ, ಆಗ ಉಳಿಸುವುದು ಇನ್ನೂ ಕಷ್ಟ. ನಿಮ್ಮ ಡಾಕ್ಟರ್ ಎರಡು ದಿನ ತೆಗೆದುಕೊಂಡಿದ್ದು ಸರಿಯಾಗಿಯೇ ಇದೆ.

ಮುಂದಿನ ಸಲ ಮನೆಯಿಂದಲೇ ದೊಡ್ಡ ಕ್ಯಾನಿನಲ್ಲಿ ಸಿಹಿನೀರು ಒಯ್ಯಿರಿ. ಬೀಚಿಗೆ ಇಳಿಯುವ ಮೊದಲೇ ಕುಡಿಸಿ. ಬಾಯಾರಿದ ನಾಯಿ ಅಲೆಗೇ ಬಾಯಿ ಹಾಕುತ್ತದೆ. ಹತ್ತು ನಿಮಿಷ ಆಟ, ಆಮೇಲೆ ನೆರಳಲ್ಲಿ ಬಿಡುವು, ನೀರು. ಎಸೆಯುವುದಾದರೆ ತೆಳ್ಳಗೆ ಚಪ್ಪಟೆಯಾಗಿದ್ದು, ನೀರು ಹೀರದ್ದು ಎಸೆಯಿರಿ. ನಾಯಿಗೆ ಸಾಕು ಅನ್ನಿಸುವುದಿಲ್ಲ, ಮಕ್ಕಳಿಗೂ ಅನ್ನಿಸುವುದಿಲ್ಲ. ನಿಲ್ಲಿಸಬೇಕಾದವರು ನೀವು.

ಪ್ರಶ್ನೆ: ನಮ್ಮ ಹಸ್ಕಿಗೆ ಸೆಖೆ ತಡೆಯಲ್ಲ. ಕೂದಲು ಪೂರ್ತಿ ಬೋಳಿಸಿ ಬೀಚಿಗೆ ಕರೆದುಕೊಂಡು ಹೋಗಬಹುದಾ?

ಉತ್ತರ: ಬೋಳಿಸಬೇಡಿ, ಚರ್ಮಕ್ಕೆ ಬಿಸಿಲು ನೇರ ಬಡಿಯುತ್ತದೆ. ಬೆಳಿಗ್ಗೆ ಎಂಟರೊಳಗೆ ಮುಗಿಸಿ ಬನ್ನಿ.

ಪ್ರಶ್ನೆ: ಗಾಜು ಸ್ವಲ್ಪ ಇಳಿಸಿ ಪಗ್ಗನ್ನು ಕಾರಲ್ಲೇ ಬಿಟ್ಟು ಊಟ ಮಾಡಿ ಬಂದರೆ?

ಉತ್ತರ: ಬೇಡ. ಐದು ನಿಮಿಷಕ್ಕೂ ಬೇಡ.

ಪ್ರಶ್ನೆ: ಮಾಜಾಳಿ ಕಡೆ ಬಲೆ ಎಳೆದ ಜಾಗದಲ್ಲಿ ಬಿದ್ದ ಮೀನನ್ನು ನಾಯಿ ತಿನ್ನುತ್ತದೆ. ತಾಜಾ ಮೀನು ತಾನೇ, ಏನಾಗುತ್ತದೆ?

ಉತ್ತರ: ಮೀನುಗಾರರು ಒಂದು ಮೀನನ್ನು ದಡದಲ್ಲೇ ಬಿಟ್ಟು ಹೋಗಿದ್ದಾರೆ ಅಂದರೆ ಅದಕ್ಕೊಂದು ಕಾರಣ ಇರುತ್ತದೆ. ಮುಟ್ಟಿದರೆ ಚೆಂಡಿನ ಹಾಗೆ ಉಬ್ಬುವ ಮೀನಿದೆ ನೋಡಿ, ಅದರ ಯಕೃತ್ತು, ಮೊಟ್ಟೆ, ಚರ್ಮದಲ್ಲಿ ಟೆಟ್ರೊಡೊಟಾಕ್ಸಿನ್ ಎಂಬ ವಿಷ ಇರಬಹುದು. ಸತ್ತ ಮೇಲೂ, ಒಣಗಿದರೂ ಹೋಗುವುದಿಲ್ಲ. ಸ್ನಾಯು ಸೋತು ಉಸಿರೇ ನಿಲ್ಲುತ್ತದೆ. ಮದ್ದಿಲ್ಲ. ದಡಕ್ಕೆ ಬಿದ್ದ ಜೆಲ್ಲಿ ಮೀನೂ ಅಷ್ಟೇ, ಸತ್ತಿದ್ದರೂ ಕುಟುಕುತ್ತದೆ. ಗಾಳ ನುಂಗಿದ್ದರೆ ಬಾಯಿಂದ ಹೊರಗೆ ಕಾಣುವ ದಾರವನ್ನು ದಯವಿಟ್ಟು ಎಳೆಯಬೇಡಿ, ಒಳಗೆ ಹರಿಯುತ್ತದೆ. ದಾರ ಹಾಗೇ ಬಿಟ್ಟು ಕರೆತನ್ನಿ. ಬಲೆ ಎಳೆಯುವ ಕಡೆ ನಾಯಿಗೆ ಹಗ್ಗ ಇರಲೇಬೇಕು.

ಪ್ರಶ್ನೆ: ಹೊನ್ನಾವರದ ಹತ್ತಿರ ನಮ್ಮ ನಾಯಿ ಮರಳು ಬಗೆದು ಆಮೆ ಮೊಟ್ಟೆ ತಿಂದಿತು. ಅದಕ್ಕೆ ಏನಾದರೂ ಆಗುತ್ತಾ?

ಉತ್ತರ: ನಾಯಿಗೆ ಹೆಚ್ಚೆಂದರೆ ಹೊಟ್ಟೆ ಕೆಡಬಹುದು. ನನ್ನ ಚಿಂತೆ ಆಮೆಯದು. ನಮ್ಮ ಕರಾವಳಿಗೆ ಬಂದು ಮೊಟ್ಟೆ ಇಡುವುದು ಆಲಿವ್ ರಿಡ್ಲಿ. ವನ್ಯಜೀವಿ ಕಾಯ್ದೆಯಲ್ಲಿ ಹುಲಿಗೆ ಇರುವ ಒಂದನೇ ಅನುಸೂಚಿಯ ರಕ್ಷಣೆ ಅದಕ್ಕೂ ಇದೆ. ಒಂದು ಗೂಡಲ್ಲಿ ಸಾಧಾರಣ ನೂರರಷ್ಟು ಮೊಟ್ಟೆ ಇರುತ್ತವೆ, ಒಂದು ನಾಯಿ ಅಷ್ಟನ್ನೂ ಹಾಳು ಮಾಡಬಲ್ಲದು. ಆಮೆ ಬರುವ ತೀರದಲ್ಲಿ, ಅದರಲ್ಲೂ ಚಳಿಗಾಲ ಬೇಸಿಗೆಯ ರಾತ್ರಿ ಮತ್ತು ಬೆಳಗಿನ ಜಾವ, ನಾಯಿಯನ್ನು ಬಿಡಲೇಬೇಡಿ. ಆ ಜಾಗ ಎಲ್ಲಿ ಎಂದು ಇವತ್ತೇ ಅರಣ್ಯ ಇಲಾಖೆಯವರಿಗೆ ತಿಳಿಸಿ, ಉಳಿದ ಮೊಟ್ಟೆ ಇದ್ದರೆ ಅವರು ನೋಡಿಕೊಳ್ಳುತ್ತಾರೆ. ನೀವು ಮತ್ತೆ ಬಗೆದು ನೋಡಲು ಹೋಗಬೇಡಿ.